"ತಾಂತ್ರಿಕ ಕಾರಣ" ಅಂದ್ರೆ ಯಾವ ಕಾರಣ ಮಾರಾಯ್ರೆ?

ಮಂಗಳೂರಿಗೆ ಟ್ರೈನು ಓಡಿಸುವ ದೊಡ್ಡವರಿಗೆಲ್ಲ ನಮಸ್ಕಾರ.

ಈ ಕಾಗದ ಯಾರ ಹೆಸರಿಗೆ ಬರೆಯುದು ಅಂತ ಯೋಚನೆ ಮಾಡ್ಲಿಕ್ಕೇ ನಂಗೆ ಎರಡು ದಿನ ಹೋಯ್ತು. ನಮ್ಮ ಊರಲ್ಲಿ ರೈಲ್ವೆ ಅಂದ್ರೆ ಒಬ್ಬರಾ? ದಕ್ಷಿಣ ರೈಲ್ವೆ ಉಂಟು, ತೋಕೂರು ದಾಟಿದ್ರೆ ಕೊಂಕಣ ರೈಲ್ವೆ, ಪಡೀಲಿನಿಂದ ಪುತ್ತೂರಿನ ಕಡೆ ತಿರುಗಿದ್ರೆ ನೈಋತ್ಯ ರೈಲ್ವೆ. ಮೂರು ಮನೆಗೆ ಒಂದು ಬಾವಿ ಇದ್ದ ಹಾಗೆ, ಹಗ್ಗ ತುಂಡಾದ ದಿನ ಹೊಸ ಹಗ್ಗ ಯಾರು ತರುದು ಅಂತ ಮೂರು ಮನೆಯವರೂ ಒಬ್ಬರ ಮುಖ ಒಬ್ಬರು ನೋಡುದು. ಹಾಗಾಗಿ ನಾನು ಯಾವ ಕಡೆಯ ಟ್ರೈನಿನಲ್ಲಿ ಬರುದು ಅಂತ ಬೇಕೂಂತಲೇ ಬರೆಯುದಿಲ್ಲ, ಬರೆದ್ರೆ ಉಳಿದ ಇಬ್ಬರು "ಓ ಇದು ನಮ್ದಲ್ಲ" ಅಂತ ಮಡಚಿ ಇಡ್ತೀರಿ. ಮೂರೂ ಜನ ಓದಿ.

ನಾನು ಲ್ಯಾಬ್ ಟೆಕ್ನಿಷಿಯನ್. ಹಂಪನಕಟ್ಟೆ ಹತ್ತಿರ ಕೆಲಸ, ಹನ್ನೊಂದು ವರ್ಷದಿಂದ ಸೀಸನ್ ಟಿಕೆಟು. ಬೆಳಿಗ್ಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಬಂದವರು ಬೆಂಚಿನ ಮೇಲೆ ಕೂತಿರ್ತಾರೆ, ನಾನು ಲೇಟಾದ್ರೆ ಅವರ ಚಾ ತಿಂಡಿ ಎಲ್ಲ ಲೇಟು. ಒಬ್ಬರು ಅಜ್ಜಿ ತಿಂಗಳಿಗೊಮ್ಮೆ ಬರುವವರು, "ನಿನ್ನ ರೈಲು ಬಂದ್ರೆ ಮಾತ್ರ ನಂಗೆ ಚಾ ಮಗಾ" ಅಂತ ನಗಾಡ್ತಾರೆ. ಅವರು ನಗಾಡ್ತಾರೆ, ನಮ್ಮ ಬಾಸು ನಗಾಡುದಿಲ್ಲ.

ಆಟಿ ತಿಂಗಳಿನ ಒಂದು ದಿನದ ಕಥೆ ಹೇಳ್ತೇನೆ. ಮಳೆ ಅಂದ್ರೆ ಮಳೆ, ಕಿಟಕಿ ಶಟರೆಲ್ಲ ಕೆಳಗೆ, ಒಳಗೆ ಒದ್ದೆ ಕೊಡೆ ಮತ್ತು ಯಾರದೋ ಟಿಫಿನ್ನಿನ ಬಂಗುಡೆ ಸಾರಿನ ಪರಿಮಳ. ಸ್ಟೇಷನ್ ಬಂತು ಅಂತ ಎಲ್ರೂ ಬ್ಯಾಗ್ ಹೆಗಲಿಗೆ ಹಾಕಿ ಬಾಗಿಲ ಹತ್ತಿರ ಒತ್ತಿ ನಿಂತದ್ದು, ಟ್ರೈನು ನಿಧಾನ ಆಗಿ ಆಗಿ ನಿಂತೇ ಬಿಟ್ಟಿತು. ಔಟರ್, ಅಂದ್ರೆ ಸ್ಟೇಷನ್ನಿನ ಹೊರಗೆ ಸಿಗ್ನಲ್ ಕಾಯುವ ಜಾಗ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಮೊಬೈಲಿನ ಆ್ಯಪಲ್ಲಿ ನೋಡಿದ್ರೆ ನಮ್ಮ ಟ್ರೈನು ಸ್ಟೇಷನ್ನಿಗೆ ಬಂದು ಮುಟ್ಟಿ ಆಗಿದೆ! ನಾನು ಆ್ಯಪನ್ನು ನೋಡುದು, ಹೊರಗೆ ತೆಂಗಿನ ಮರವನ್ನು ನೋಡುದು. ಔಟರಿನ ಪಕ್ಕದಲ್ಲಿ ಒಂದು ಹಂಚಿನ ಮನೆ ಉಂಟು, ವರ್ಷಗಟ್ಟಲೆ ಅಲ್ಲಿ ನಿಂತು ನಿಂತು ಆ ಮನೆಯ ಸುದ್ದಿ ಎಲ್ಲ ನಮ್ಗೆ ಗೊತ್ತುಂಟು, ಅವರ ಮಗಳಿಗೆ ಮದುವೆ ಆದದ್ದು, ದನ ಮಾರಿದ್ದು, ಜಗಲಿಗೆ ಶೀಟ್ ಹಾಕಿಸಿದ್ದು. ಆ ದಿನ ಅವರ ಮನೆಯಲ್ಲಿ ನೀರುದೋಸೆ ಹೊಯ್ಯುವ ಶಬ್ದ ಕೂಡ ಕೇಳ್ತಿತ್ತು. ನಮ್ಮ ಬೋಗಿಯಲ್ಲಿ ಒಬ್ಬಳು ಕಾಲೇಜು ಹುಡುಗಿಗೆ ಪ್ರಾಕ್ಟಿಕಲ್ ಎಕ್ಸಾಮು, ಅವಳ ಕಣ್ಣಲ್ಲಿ ನೀರು ತುಂಬಿತ್ತು. ಕೊನೆಗೆ ಅವಳೂ, ಇನ್ನು ಏಳೆಂಟು ಜನವೂ ಆ ಜೋರು ಮಳೆಗೆ ಹಳಿ ಮೇಲೆ ಇಳಿದು ಜಲ್ಲಿ ಮೇಲೆ ಜಾರ್ತಾ ಜಾರ್ತಾ ನಡ್ದುಕೊಂಡು ರೋಡಿಗೆ ಹೋದ್ರು. ಹಾಗೆ ಇಳಿಯುದು ತಪ್ಪು, ಪಕ್ಕದ ಲೈನಿನಲ್ಲಿ ಇನ್ನೊಂದು ಟ್ರೈನು ಬಂದ್ರೆ ಮಳೆ ಶಬ್ದದಲ್ಲಿ ಹಾರ್ನ್ ಕೂಡ ಕೇಳುದಿಲ್ಲ. ಆದ್ರೆ ಎಷ್ಟು ಹೊತ್ತು ನಿಲ್ತದೆ ಅಂತ ಒಬ್ಬರು ಹೇಳಿದ್ದಿದ್ರೆ ಅವಳು ಇಳಿತಿದ್ಳಾ?

ಒಂದು ಗಂಟೆ ಹತ್ತು ನಿಮಿಷ ಆದ ಮೇಲೆ ಸ್ಟೇಷನ್ ಮುಟ್ಟಿದೆವು. ಮೈಕಿನಲ್ಲಿ ಬರ್ತಾ ಉಂಟು, ತಾಂತ್ರಿಕ ಕಾರಣಗಳಿಂದ ತಡವಾಗಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ. ಹನ್ನೊಂದು ವರ್ಷದಿಂದ ಅದೇ ಹೆಂಗಸಿನ ಸ್ವರ, ಅದೇ ವಿಷಾದ. ಅವರಿಗೂ ಬೇಜಾರು ಬಂದಿರ್ಬಹುದು ಪಾಪ.

ಈಗ ನೀವು ಗ್ರಹಿಸ್ತೀರಿ, ಈ ಹೆಂಗಸು ಸಿಗ್ನಲ್ ಕೆಟ್ಟದ್ದಕ್ಕೆ ಬೊಬ್ಬೆ ಹಾಕ್ಲಿಕ್ಕೆ ಬಂದಿದ್ದಾಳೆ ಅಂತ. ಅದಕ್ಕಲ್ಲ. ಸಿಗ್ನಲ್ ಯಾಕೆ ಕೆಡ್ತದೆ ಅಂತ ನಂಗೆ ಈಗ ಸ್ವಲ್ಪ ಗೊತ್ತುಂಟು, ಯಾಕಂದ್ರೆ ನಮ್ಮ ಬೋಗಿಯಲ್ಲಿ ಒಬ್ಬರು ಮಾಮ ಬರ್ತಾರೆ, ಘಟ್ಟದ ಮೇಲೆ ಎಲ್ಲಿಯೋ ಸಿಗ್ನಲ್ ಮೇಂಟೇನರ್ ಆಗಿದ್ದು ರಿಟೈರ್ ಆದವರು. ಔಟರಲ್ಲಿ ನಿಂತಾಗ ಎಲ್ರೂ ರೈಲ್ವೆಗೆ ಬೈದ್ರೆ ಮಾಮನಿಗೆ ಮಂಡೆಬಿಸಿ ಆಗುದು. ಅವರು ಹೇಳಿಕೊಟ್ಟದ್ದು ಇಷ್ಟು. ಹಳಿಯನ್ನು ಉದ್ದಕ್ಕೂ ತುಂಡು ತುಂಡಾಗಿ ಭಾಗ ಮಾಡಿರ್ತಾರೆ, ಒಂದು ತುಂಡಿನಿಂದ ಇನ್ನೊಂದಕ್ಕೆ ಕರೆಂಟ್ ದಾಟದ ಹಾಗೆ ಜಾಯಿಂಟ್ ಹಾಕಿ ಒಂದೊಂದಕ್ಕೂ ಸಣ್ಣ ಕರೆಂಟ್ ಬಿಟ್ಟಿರ್ತಾರೆ, ಆ ಕರೆಂಟು ಆಚೆ ತುದಿಯಲ್ಲಿ ಒಂದು ರಿಲೇಯನ್ನು, ಅಂದ್ರೆ ಕರೆಂಟಿನಿಂದ ನಡೆಯುವ ಸ್ವಿಚ್ಚನ್ನು, ಎತ್ತಿ ಹಿಡಿದಿರ್ತದೆ. ಟ್ರೈನು ಆ ತುಂಡಿನ ಮೇಲೆ ಬಂದ್ರೆ ಕರೆಂಟು ಚಕ್ರದ ಮೂಲಕವೇ ಈಚೆ ಹಳಿಯಿಂದ ಆಚೆ ಹಳಿಗೆ ಹೋಗಿ ಬಿಡ್ತದೆ, ರಿಲೇಗೆ ಸಿಗುದಿಲ್ಲ, ರಿಲೇ ತನ್ನ ಭಾರಕ್ಕೆ ಕೆಳಗೆ ಬೀಳ್ತದೆ, ಸಿಗ್ನಲ್ ಕೆಂಪು. ವಯರ್ ತುಂಡಾದ್ರೂ ಬೀಳುದೇ, ಬ್ಯಾಟರಿ ಸತ್ತರೂ ಬೀಳುದೇ. ಏನು ಕೆಟ್ಟರೂ ಕೆಂಪಿಗೇ ಕೆಡ್ಬೇಕು, ಹಸಿರಿಗೆ ಕೆಡ್ಬಾರ್ದು, ಅದು ಸಿಗ್ನಲ್ಲಿನವರ ಮೊದಲ ಪಾಠ ಅಂತೆ. ಇನ್ನು ನಮ್ಮ ಮಳೆ ನಿಮ್ಗೆ ಗೊತ್ತುಂಟಲ್ಲ, ಜಲ್ಲಿಯ ಎಡೆಯಲ್ಲಿ ಕೆಸರು ತುಂಬಿ ನೀರು ನಿಂತ್ರೆ ಕರೆಂಟು ಆ ನೀರಿನಲ್ಲೇ ಸೋರಿ ಹೋಗ್ತದೆ, ರಿಲೇ ಬೀಳ್ತದೆ, ಹಳಿ ಮೇಲೆ ಒಂದು ನಾಯಿ ಕೂಡ ಇಲ್ಲದಿದ್ರೂ ಸ್ಟೇಷನ್ ಮಾಸ್ಟರ್ ಎದುರಿನ ಪ್ಯಾನೆಲ್ಲಿನಲ್ಲಿ ಟ್ರೈನು ಉಂಟು ಅಂತ ತೋರಿಸ್ತದೆ.

ಕೆಲವು ಕಡೆ ಅದರ ಬದಲು ಆಕ್ಸಲ್ ಕೌಂಟರ್ ಇರ್ತದೆ, ಒಳಗೆ ಎಷ್ಟು ಆಕ್ಸಲ್, ಅಂದ್ರೆ ಚಕ್ರದ ಅಚ್ಚು, ಹೋಯ್ತು ಹೊರಗೆ ಎಷ್ಟು ಬಂತು ಅಂತ ಲೆಕ್ಕ ಹಾಕುದು. 96 ಹೋಗಿ 95 ಬಂದ್ರೆ ಮುಗೀತು, ಮನುಷ್ಯರು ನೋಡಿ ರಿಸೆಟ್ ಮಾಡುವವರೆಗೆ ಆ ಲೈನು ಬಂದ್. ಇದು ನಂಗೆ ಕೂಡ್ಲೇ ಅರ್ಥ ಆಯ್ತು, ನಮ್ಮ ಲ್ಯಾಬಿನ ಸೆಲ್ ಕೌಂಟರಿಗೂ ಲೆಕ್ಕ ತಪ್ಪಿದ್ರೆ ಹೀಗೆಯೇ ಹಟ.

ಆಮೇಲೆ ಪಾಯಿಂಟು. ಟ್ರೈನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗುವ ಜಾಗ. ಅಲ್ಲಿ ಹಳಿಯ ಚೂಪು ತುದಿ ಪಕ್ಕದ ಹಳಿಗೆ ಅಂಟಿ ಕೂತಿರ್ಬೇಕು, ಮಧ್ಯೆ ಐದು ಮಿಲಿಮೀಟರಿನ ಅಡ್ಡ ಇದ್ರೂ ಲಾಕ್ ಆಗ್ಲಿಕ್ಕಿಲ್ಲ, ಸಿಗ್ನಲ್ ಕೊಡ್ಲಿಕ್ಕಿಲ್ಲ. ಒಂದು ಜಲ್ಲಿ ಚೂರು ಸಾಕು. ಆಗ ಒಬ್ಬರು ಕ್ರ್ಯಾಂಕ್ ಹ್ಯಾಂಡಲ್ ಹಿಡ್ಕೊಂಡು ಆ ಮಳೆಯಲ್ಲಿ ಹೋಗಿ ಕೈಯಲ್ಲಿ ತಿರುಗಿಸಿ, ಕ್ಲ್ಯಾಂಪ್ ಹಾಕಿ ಬೀಗ ಹಾಕ್ಬೇಕು, ಸ್ಟೇಷನ್ ಮಾಸ್ಟರ್ ಟಿ 369 ಅಂತ ಒಂದು ಕಾಗದ ಬರೆದು ಡ್ರೈವರ್ ಕೈಗೆ ಮುಟ್ಟಿಸ್ಬೇಕು, ಆಮೇಲೆ ಕೆಂಪು ಸಿಗ್ನಲ್ ದಾಟಿ ಗಂಟೆಗೆ 15 ಕಿಲೋಮೀಟರಿನಲ್ಲಿ ತೆವಳ್ತಾ ಬರ್ಬೇಕು. ಅದರ ಮೇಲೆ ನಮ್ಮ ಸೆಂಟ್ರಲ್ ಸ್ಟೇಷನ್ ಅಂದ್ರೆ 1907ರಲ್ಲಿ ಲೈನು ಬಂದು ಮುಟ್ಟಿದ ಕೊನೆಯ ಜಾಗ, ಪ್ಯಾಸೆಂಜರ್ ಟ್ರೈನಿಗೆ ಅಲ್ಲಿಂದ ಮುಂದೆ ದಾರಿ ಇಲ್ಲ, ಒಳಗೆ ಹೋದದ್ದು ಬಂದ ಬಾಗಿಲಿನಿಂದಲೇ ಹಿಂದೆ ಬರ್ಬೇಕು. ಆ ಬಾಗಿಲಲ್ಲಿ ಒಂದು ಪಾಯಿಂಟು ಕೆಟ್ಟು ಕೂತ್ರೆ ಒಳಗಿದ್ದವರು ಒಳಗೆ, ಹೊರಗಿದ್ದವರು ಔಟರಿನ ಹಂಚಿನ ಮನೆಯ ಎದುರು. ಹಿಂದಿನದ್ದು ಅದರ ಹಿಂದೆ, ಅದರ ಹಿಂದಿನದ್ದು ಮತ್ತೂ ಹಿಂದೆ.

ಹಾಗಾಗಿ ಕೆಂಪು ಬಿದ್ರೆ ನಿಲ್ಲಿಸಿ ಸಾರ್, ನೂರು ಸಲ ನಿಲ್ಲಿಸಿ. ನಮ್ಮಲ್ಲೂ ಬೆಳಿಗ್ಗೆ ಮಶಿನಿಗೆ ಮೊದಲು ಕಂಟ್ರೋಲ್ ಸ್ಯಾಂಪಲ್, ಅಂದ್ರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್, ಹಾಕಿ ನೋಡುದು, ಕಂಟ್ರೋಲ್ ಫೇಲ್ ಆದ್ರೆ ಹೊರಗೆ ಮಂತ್ರಿಯೇ ಕೂತಿರ್ಲಿ ರಿಪೋರ್ಟ್ ಕೊಡ್ಲಿಕ್ಕಿಲ್ಲ. ಸಿಗ್ನಲ್ ಕೆಲಸದಲ್ಲಿ ತಪ್ಪಿದ್ರೆ ಎಂತ ಆಗ್ತದೆ ಅಂತ 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರಿನಲ್ಲಿ ದೇಶ ಇಡೀ ನೋಡಿದೆ. ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮೈನ್ ಲೈನಿನ ಹಸಿರು ಬಂತು, ಪಾಯಿಂಟು ಮಾತ್ರ ಗೂಡ್ಸ್ ನಿಂತಿದ್ದ ಪಕ್ಕದ ಲೂಪ್ ಲೈನಿಗೆ ತಿರುಗಿ ಇತ್ತು. 290ಕ್ಕೂ ಹೆಚ್ಚು ಜನ ಹೋದ್ರು. ತನಿಖೆಯಲ್ಲಿ ಬಂದದ್ದು ಎಂತ, 94ನೇ ನಂಬರಿನ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸ ಮಾಡುವಾಗ ಸಿಗ್ನಲ್ ವಯರಿಂಗಿನಲ್ಲಿ ಆದ ತಪ್ಪು. ಒಂದು ಗೇಟಿನ ರಿಪೇರಿ! ಅದನ್ನು ಓದಿದ ಮೇಲೆ ರಿಪೇರಿಗೆ ಇನ್ನು ಅರ್ಧ ಗಂಟೆ ಬೇಕು ಅಂದ್ರೆ ತಗೊಳ್ಳಿ ಅಂತಲೇ ನಾನು ಹೇಳುದು. ಪಂಪ್‌ವೆಲ್ ಫ್ಲೈಓವರಿಗೆ ಹತ್ತು ವರ್ಷ ಕಾದ ಊರಿನವರು ನಾವು, ಕಾಯ್ಲಿಕ್ಕೆ ನಮ್ಗೆ ಯಾರೂ ಹೇಳಿಕೊಡುದು ಬೇಡ.

ನನ್ನ ತಕರಾರು ಆ ಎರಡು ಶಬ್ದದ ಮೇಲೆ. ತಾಂತ್ರಿಕ ಕಾರಣ.

ನೋಡಿ, 2019ರ ಆಗಸ್ಟಿನಲ್ಲಿ ಪಡೀಲು ಕುಲಶೇಖರದ ಹತ್ತಿರ ಗುಡ್ಡ ಜರಿದು ಲೈನು ಮುಚ್ಚಿತಲ್ಲ, ದಿನಗಟ್ಟಲೆ ಟ್ರೈನಿಲ್ಲ, ಆಗ ಎಷ್ಟು ಜನ ನಿಮ್ಗೆ ಬೈದ್ರು? ಮಣ್ಣು ತೆಗೆಯುವ ಫೋಟೋ ದಿನಾ ಪೇಪರಿನಲ್ಲಿ ಬರ್ತಿತ್ತು, ಯಾವ ಟ್ರೈನು ಇಲ್ಲ ಯಾವುದು ಬೇರೆ ದಾರಿಯಲ್ಲಿ ಹೋಗ್ತದೆ ಅಂತ ಲಿಸ್ಟ್ ಬರ್ತಿತ್ತು, ಜನ ಪಾಪ ಕೆಲಸದವರು ಆ ಕೆಸರಲ್ಲಿ ಎಷ್ಟು ಕಷ್ಟಪಡ್ತಾರೆ ಅಂತಲೇ ಮಾತಾಡ್ತಿದ್ರು. 2024ರ ಜುಲೈಯಲ್ಲಿ ಘಟ್ಟದ ಎಡಕುಮೇರಿ ಕಡಗರವಳ್ಳಿ ಮಧ್ಯೆ ಹಳಿಯ ಅಡಿಯ ಮಣ್ಣು ಜರಿದಾಗಲೂ ಹಾಗೆಯೇ. ಗುಡ್ಡ ಜರಿದ್ರೆ ಹೇಳ್ತೀರಿ, ರಿಲೇ ಬಿದ್ರೆ ಹೇಳುದಿಲ್ಲ. ಯಾಕೆ? ಗುಡ್ಡ ದೇವರದ್ದು, ರಿಲೇ ನಿಮ್ದು ಅಂತಲಾ?

ನಮ್ಮ ಲ್ಯಾಬಲ್ಲಿ ಒಂದು ರಿಜಿಸ್ಟರ್ ಉಂಟು. ಮಶಿನು ಎರರ್ ತೋರಿಸಿದ್ರೆ ತಾರೀಕು, ಟೈಮು, ಎರರ್ ನಂಬರು, ಎಂತ ಮಾಡಿದ್ರಿ, ಯಾರು ಮಾಡಿದ್ರಿ, ಎಲ್ಲ ಬರೆದು ಸೈನ್ ಹಾಕ್ಬೇಕು. ಬರೆಯುವಾಗ ಉದಾಸೀನ ಆಗ್ತದೆ, ಸುಳ್ಳು ಹೇಳುದಿಲ್ಲ. ಆದ್ರೆ ಮೂರು ತಿಂಗಳು ಬಿಟ್ಟು ಪುಟ ತಿರುಗಿಸಿದ್ರೆ ಎರರ್ ಬಂದದ್ದೆಲ್ಲ ಸೋಮವಾರ ಬೆಳಿಗ್ಗೆಯೇ ಅಂತ ಕಾಣ್ತದೆ, ಯಾಕೆ ಅಂತ ನೋಡಿದ್ರೆ ಆದಿತ್ಯವಾರ ಏಸಿ ಬಂದ್ ಮಾಡ್ತಿದ್ದದ್ದು. ಒಂದೊಂದೇ ಎರರ್ ನೋಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಇದೇ ಕಥೆ ದೊಡ್ಡದಾಗಿ ಸಿಂಗಾಪುರದಲ್ಲಿ ನಡ್ದದ್ದುಂಟು. ನನ್ನ ಅಕ್ಕನ ಮಗ ಅಲ್ಲಿ ಕೆಲಸದಲ್ಲಿರುದು, ಅವನು ಕಳಿಸಿದ ಮೇಲೆಯೇ ನಾನು ಓದಿದ್ದು, ಓದಿ ಮಾಮನಿಗೂ ಹೇಳಿದೆ. ಅಲ್ಲಿಯ ಮೆಟ್ರೋದಲ್ಲಿ ಸರ್ಕಲ್ ಲೈನ್ ಅಂತ ಉಂಟು, ಡ್ರೈವರೇ ಇಲ್ಲದ ಟ್ರೈನುಗಳು. 2016ರ ಆಗಸ್ಟಿನಿಂದ ಅಲ್ಲಿ ಟ್ರೈನುಗಳು ಇದ್ದಕ್ಕಿದ್ದ ಹಾಗೆ ಸಿಗ್ನಲ್ ಸಂಪರ್ಕ ತಪ್ಪಿ ಗಕ್ಕಂತ ಎಮರ್ಜೆನ್ಸಿ ಬ್ರೇಕ್ ಹಾಕ್ಲಿಕ್ಕೆ ಶುರು ಆಯ್ತು. ಇವತ್ತು ಈ ಸ್ಟೇಷನ್ನು, ನಾಳೆ ಆ ಸ್ಟೇಷನ್ನು, ಬೆಳಿಗ್ಗೆ ಒಂದು, ರಾತ್ರಿ ಒಂದು, ಒಂದಕ್ಕೊಂದು ಸಂಬಂಧವೇ ಇಲ್ಲ. ಅಷ್ಟು ದೊಡ್ಡ ಇಂಜಿನಿಯರುಗಳಿಗೂ ತಿಂಗಳುಗಟ್ಟಲೆ ತಲೆಬುಡ ಸಿಗ್ಲಿಲ್ಲ. ನವೆಂಬರಿನಲ್ಲಿ ಸರ್ಕಾರದ ಮೂರು ಜನ ಡೇಟಾ ನೋಡುವವರನ್ನು ಕರೆದ್ರು. ಅವರ ಹತ್ರ ಇದ್ದದ್ದು ಬರೀ ಒಂದು ಪಟ್ಟಿ, ಎಷ್ಟು ಗಂಟೆಗೆ, ಎಲ್ಲಿ, ಯಾವ ಟ್ರೈನು, ಯಾವ ದಿಕ್ಕಿಗೆ ಹೋಗ್ತಿತ್ತು. ಅದನ್ನು ಅವರು ಒಂದು ಕಡೆ ಟೈಮು ಇನ್ನೊಂದು ಕಡೆ ಸ್ಟೇಷನ್ನು ಹಾಕಿ ಚುಕ್ಕೆ ಇಟ್ಟು ನೋಡಿದ್ರು. ನೋಡಿದ್ರೆ ಚುಕ್ಕೆಗಳೆಲ್ಲ ಓರೆ ಗೆರೆಯಾಗಿ ಕೂತಿದ್ದಾವೆ! ಅಂದ್ರೆ ತೊಂದರೆಯೇ ಒಂದು ಟ್ರೈನಿನ ಹಾಗೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಹೋಗ್ತಾ ಉಂಟು, ಬ್ರೇಕ್ ಬಿದ್ದ ಟ್ರೈನಿನ ಎದುರು ದಿಕ್ಕಿಗೆ. ಎದುರಿನಿಂದ ಒಂದು ಟ್ರೈನು ಪಕ್ಕದಲ್ಲಿ ದಾಟಿ ಹೋಗುವಾಗ ಈಚೆಯದ್ದಕ್ಕೆ ಬ್ರೇಕ್ ಬೀಳುದು. ಸ್ಟೇಷನ್ನಿನ ವಿಡಿಯೋ ತೆಗೆದು ಆ ಹೊತ್ತಿಗೆ ಯಾವುದು ದಾಟಿತು ಅಂತ ನೋಡಿದ್ರೆ, ಪಿವಿ 46. ಕೆಟ್ಟು ಹೋದದ್ದು ಅದು, ನಿಂತದ್ದು ಬೇರೆಯವು. ಅದಕ್ಕೆ ಎಂತ ಆಗ್ತಿರ್ಲಿಲ್ಲ, ಆರಾಮಾಗಿ ಹೋಗ್ತಿತ್ತು, ಹಾಗಾಗಿ ಅದರ ಮೇಲೆ ಯಾರಿಗೂ ಡೌಟೇ ಬರ್ಲಿಲ್ಲ.

ನಂಗೆ ಈ ಕಥೆಯಲ್ಲಿ ಕಳ್ಳ ಸಿಕ್ಕಿದ್ದಕ್ಕಿಂತ ಜಾಸ್ತಿ ಖುಷಿ ಆದದ್ದು, ಹೇಗೆ ಹಿಡಿದ್ರು ಅಂತ ಅವರು ಚಾರ್ಟ್ ಸಮೇತ ಎಲ್ಲರಿಗೂ ಓದ್ಲಿಕ್ಕೆ ಹಾಕಿದ್ದು. ಮೂರು ತಿಂಗಳು ಗೊತ್ತಾಗ್ಲಿಲ್ಲ ಅಂತಲೂ ಅದರಲ್ಲಿ ಉಂಟು. ಮರ್ಯಾದೆ ಹೋಯ್ತಾ? ಇಲ್ಲಪ್ಪ, ಇಲ್ಲಿ ಕೂತ ನಾನು ಅವರನ್ನು ಹೊಗಳ್ತಾ ಇದ್ದೇನೆ.

ಮಾಮನಿಗೆ ಈ ಕಥೆ ಹೇಳಿದ್ರೆ ಅವರಿಗೆ ಆಶ್ಚರ್ಯವೇ ಆಗ್ಲಿಲ್ಲ. "ಅದು ನಮ್ಮ ಸೆಕ್ಷನ್ ಕಂಟ್ರೋಲರ್ ದಿನಾ ಎಳೆಯುವ ಚಾರ್ಟೇ ಅಲ್ವಾ" ಅಂದ್ರು. ಮೊದಲು ಪೆನ್ಸಿಲಿನಲ್ಲಿ ಎಳಿತಿದ್ರಂತೆ, ಅಡ್ಡಕ್ಕೆ ಟೈಮು, ಉದ್ದಕ್ಕೆ ಸ್ಟೇಷನ್ನು, ಒಂದೊಂದು ಟ್ರೈನಿಗೆ ಒಂದೊಂದು ಓರೆ ಗೆರೆ, ಈಗ ಕಂಪ್ಯೂಟರಿನಲ್ಲಿ. ಅದಲ್ಲದೆ ಸ್ಟೇಷನ್ನಿನ ರಿಲೇ ರೂಮಿನಲ್ಲಿ ಡೇಟಾ ಲಾಗರ್ ಅಂತ ಒಂದು ಪೆಟ್ಟಿಗೆ ಇರ್ತದಂತೆ, ಯಾವ ರಿಲೇ ಯಾವ ಸೆಕೆಂಡಿಗೆ ಬಿತ್ತು, ಯಾವಾಗ ಎದ್ದಿತು, ಪಾಯಿಂಟು ಯಾವಾಗ ತಿರುಗಿತು ಎಲ್ಲ ಅದರಲ್ಲಿ ಬರೆದಿರ್ತದಂತೆ. ನಂಗೆ ಅಲ್ಲಿಗೆ ಪಿತ್ತ ನೆತ್ತಿಗೇರಿತು. ಅಂದ್ರೆ ನಾವು ಆಟಿಯ ಮಳೆಯಲ್ಲಿ ಕೂತಿದ್ದ ಆ ಒಂದು ಗಂಟೆ ಹತ್ತು ನಿಮಿಷದ ಜಾತಕ ನಿಮ್ಮ ಪೆಟ್ಟಿಗೆಯಲ್ಲಿ ಸೆಕೆಂಡ್ ಲೆಕ್ಕದಲ್ಲಿ ಉಂಟು, ನಮ್ಗೆ ಹೇಳ್ಲಿಕ್ಕೆ ಮಾತ್ರ ತಾಂತ್ರಿಕ ಕಾರಣ.

ನಂಗೆ ಬೇಕಾದದ್ದು ದೊಡ್ಡದೇನಲ್ಲ. ಹೊಸ ಟ್ರೈನು ಕೇಳುದಿಲ್ಲ, ಟ್ರೈನಿಗೆ ಟ್ರೈನು ಡಿಕ್ಕಿ ಆಗದ ಹಾಗೆ ತಾನಾಗಿ ಬ್ರೇಕ್ ಹಾಕುವ ಆ 'ಕವಚ' ಯಾವಾಗ ಹಾಕ್ತೀರಿ ಅಂತಲೂ ಇವತ್ತು ಕೇಳುದಿಲ್ಲ. ಮೈಕಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ. "ಪಾಯಿಂಟ್ ಕೆಟ್ಟಿದೆ, ಜನ ಹೋಗಿದ್ದಾರೆ, ಕಮ್ಮಿಯೆಂದ್ರೆ ಮುಕ್ಕಾಲು ಗಂಟೆ ಬೇಕು." ಇಷ್ಟು ಕನ್ನಡದಲ್ಲಿ, ಮಲಯಾಳದಲ್ಲಿ, ಸಾಧ್ಯ ಆದ್ರೆ ತುಳುವಿನಲ್ಲೂ. ಎಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಲೇ ಹೇಳಿ, ಅದು ಕೂಡ ಸುದ್ದಿಯೇ. ಔಟರಲ್ಲಿ ನಿಂತ ಟ್ರೈನಿಗೆ ಮೈಕ್ ಇಲ್ಲದಿದ್ರೆ ಸೀಸನ್ ಟಿಕೆಟಿನವರ ಮೊಬೈಲಿಗೆ ಒಂದು ಮೆಸೇಜ್ ಹಾಕಿ. ಆಫರ್ ಬಂತು ಅಂತ ಪ್ರಪಂಚದವರೆಲ್ಲ ನಮ್ಗೆ ಮೆಸೇಜ್ ಹಾಕ್ತಾರೆ.

ಇನ್ನೊಂದು, ಜಪಾನಿನಲ್ಲಿ ಟ್ರೈನು ಲೇಟಾದ್ರೆ ಸ್ಟೇಷನ್ನಿನಲ್ಲಿ ಒಂದು ಸಣ್ಣ ಚೀಟಿ ಕೊಡ್ತಾರೆ, ಇಂಥ ದಿನ ಇಷ್ಟು ನಿಮಿಷ ಲೇಟು ಅಂತ, ಆಫೀಸಿನಲ್ಲಿ, ಶಾಲೆಯಲ್ಲಿ ತೋರಿಸ್ಲಿಕ್ಕೆ. ನಮ್ಗೆ ಅದು ಬೇಕು ಸಾರ್. ನಾನು ಬೆರಳು ಒತ್ತುವ ಬಯೋಮೆಟ್ರಿಕ್ ಮಶಿನಿಗೆ ಔಟರ್ ಅಂದ್ರೆ ಎಂತ ಅಂತ ಗೊತ್ತಿಲ್ಲ. ಆ ಪ್ರಾಕ್ಟಿಕಲ್ ಎಕ್ಸಾಮಿನ ಹುಡುಗಿಗೆ ಒಂದು ಸೀಲ್ ಹೊಡೆದ ಚೀಟಿ ಸಿಗ್ತದೆ ಅಂತ ಧೈರ್ಯ ಇದ್ದಿದ್ರೆ ಅವಳು ಹಳಿಗೆ ಹಾರ್ತಿರ್ಲಿಲ್ಲ.

ಮತ್ತೆ ತಿಂಗಳಿಗೊಮ್ಮೆ ಒಂದು ಪಟ್ಟಿ. ಸ್ಟೇಷನ್ನಿನ ನೋಟಿಸ್ ಬೋರ್ಡಿನಲ್ಲಿ, ಆ ಹಳೆಯ ಟೆಂಡರ್ ಕಾಗದಗಳ ಮೇಲೆಯೇ ಅಂಟಿಸಿದ್ರೂ ಅಡ್ಡಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಎಂತ ಕೆಟ್ಟಿತು, ಎಷ್ಟು ಹೊತ್ತಿಗೆ ಸರಿ ಆಯ್ತು. ಒಂದೇ ಜಾಯಿಂಟು ಒಂದೇ ಮಳೆಗಾಲದಲ್ಲಿ ನಾಲ್ಕು ಸಲ ಕೆಟ್ರೆ ಅದು ನಿಮ್ಗಿಂತ ಮೊದಲು ಬೋರ್ಡ್ ನೋಡುವ ಯಾವುದೋ ಇಂಜಿನಿಯರಿಂಗ್ ಹುಡುಗನಿಗೆ ಕಂಡ್ರೂ ಕಾಣ್ಬಹುದು, ಸುರತ್ಕಲ್ಲಿನಿಂದ ಮಣಿಪಾಲದವರೆಗೆ ಅಂಥ ಮಕ್ಕಳಿಗೆ ನಮ್ಮಲ್ಲಿ ಬರಗಾಲ ಇಲ್ಲ. ಮೂರು ರೈಲ್ವೆಯವರೂ ಒಂದೇ ಕಾಗದದಲ್ಲಿ ಬರೆದ್ರೆ ಇನ್ನೂ ಒಳ್ಳೆದು, ತೋಕೂರಿನ ಆಚೆ ಸಿಂಗಲ್ ಲೈನಿನಲ್ಲಿ ಕ್ರಾಸಿಂಗಿಗೆ ನಿಂತು ಲೇಟಾದದ್ದು ಯಾವುದು, ಇಲ್ಲಿ ಪ್ಲಾಟ್‌ಫಾರ್ಮ್ ಇಲ್ಲದೆ ನಿಂತದ್ದು ಯಾವುದು, ನಿಜವಾಗಿ ಸಿಗ್ನಲ್ ಕೆಟ್ಟದ್ದು ಯಾವುದು ಅಂತ ಬೇರೆ ಬೇರೆ ಕಾಣ್ತದೆ. ಈಗ ಮೂರಕ್ಕೂ ಒಂದೇ ಮುಲಾಮು ಹಚ್ಚಿದ ಹಾಗೆ ತಾಂತ್ರಿಕ ಕಾರಣ. ಇದು ನನ್ನ ಆಸೆ ಮಾತ್ರ ಅಲ್ಲ, 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ತೆಗೆದು ನೋಡಿ, ಆದಷ್ಟು ವಿಷಯವನ್ನು ಜನ ಅರ್ಜಿ ಹಾಕುವ ಮೊದಲೇ ಇಲಾಖೆಗಳು ತಾವಾಗಿಯೇ ಹೊರಗೆ ಹಾಕ್ಬೇಕು ಅಂತಲೇ ಅದರಲ್ಲಿರುದು. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕ್ಲಿಕ್ಕೆ ನಂಗೆ ಕಷ್ಟ ಇಲ್ಲ, ಪುರ್ಸೊತ್ತಂತೂ ಔಟರಲ್ಲಿ ಬೇಕಾದಷ್ಟು ಸಿಗ್ತದೆ.

ನಮ್ಮ ಕಡೆಯ ತಪ್ಪೂ ಉಂಟು, ಅದನ್ನು ಮುಚ್ಚಿ ಇಡುದಿಲ್ಲ. ಚಿಪ್ಸ್ ಪ್ಯಾಕೆಟು, ನೀರಿನ ಬಾಟಲಿ ಎಲ್ಲ ಕಿಟಕಿಯಿಂದ ಹಳಿಗೇ ಬಿಸಾಡುದು, ಅದು ಚರಂಡಿಗೆ ಕೂತು ನೀರು ನಿಲ್ಲುದು, ಆಮೇಲೆ ರಿಲೇ ಬಿತ್ತು ಅಂತ ಬೈಯುದು. ತಾಮ್ರಕ್ಕೆ ಅಂತ ಕೇಬಲ್ ಕದಿಯುವವರು ಆಕಾಶದಿಂದ ಇಳಿದು ಬರುವವರಲ್ಲ. ಗೇಟ್ ಹಾಕುವ ಹೊತ್ತಿಗೇ ಅಡಿಯಿಂದ ಬೈಕ್ ನುಗ್ಗಿಸುವವರನ್ನು ಜಪ್ಪಿನಲ್ಲಿ ನಾನೇ ನೋಡಿದ್ದೇನೆ, ಗೇಟ್ ಸರಿಯಾಗಿ ಬಿದ್ದು ಲಾಕ್ ಆಗದೆ ಆಚೆ ಟ್ರೈನಿಗೆ ಸಿಗ್ನಲ್ ಬೀಳುದಿಲ್ಲ ಅಂತ ಅವರಿಗೆ ಯಾರೂ ಹೇಳಿರ್ಲಿಕ್ಕಿಲ್ಲ. ನೀವು ಹೇಳಿದ್ರೆ ತಾನೆ.

ಮಳೆಯಲ್ಲಿ ಕ್ರ್ಯಾಂಕ್ ಹ್ಯಾಂಡಲ್ ಹಿಡ್ಕೊಂಡು ಓಡಿದ ಆ ಮನುಷ್ಯ ಯಾರು ಅಂತ ನಂಗೆ ಗೊತ್ತಿಲ್ಲ. ಟ್ರೈನು ಮುಂದೆ ಹೋಗುವಾಗ ಬಾಗಿಲಿನಿಂದ ಕಂಡದ್ದು ಇಷ್ಟೇ, ಹಳದಿ ರೈನ್‌ಕೋಟು, ಮೊಣಕಾಲಿನವರೆಗೆ ಕೆಸರು, ಕೈ ತೋರಿಸಿ ಡ್ರೈವರಿಗೆ ಹೋಗಿ ಹೋಗಿ ಅಂತಿದ್ರು. ನಮ್ಮ ಬೋಗಿಯಿಂದ ಒಬ್ಬ ಅವರನ್ನು ನೋಡಿಯೇ ಕೆಟ್ಟ ಶಬ್ದದಲ್ಲಿ ಬೈದ. ಎಂತಕ್ಕೆ ನಿಂತದ್ದು ಅಂತ ಅವನಿಗೆ ಗೊತ್ತಿದ್ದಿದ್ರೆ ಬೈತಿರ್ಲಿಲ್ಲ ಅಂತ ನಂಗೆ ಈಗಲೂ ಅನಿಸ್ತದೆ.

ಆ ದಿನದಿಂದ ನಾನೇ ಒಂದು ಪುಸ್ತಕ ಇಟ್ಟಿದ್ದೇನೆ, ಲ್ಯಾಬಿನ ರಿಜಿಸ್ಟರಿನ ಹಾಗೆಯೇ ಗೆರೆ ಎಳೆದು. ತಾರೀಕು, ಟ್ರೈನು, ಎಲ್ಲಿ ನಿಂತಿತು, ಎಷ್ಟು ಗಂಟೆಗೆ, ಎಷ್ಟು ಹೊತ್ತು, 'ಕಾರಣ'. ಹಿಂದಿನ ಸೀಟಿನವರೂ ಈಗ "ಅಕ್ಕ ಬರೆದ್ರಾ" ಅಂತ ಕೇಳ್ತಾರೆ. ಮೊದಲಿನ ಐದು ಕಾಲಮ್ಮು ತುಂಬ್ತಾ ಬಂತು. ಕೊನೆಯದ್ದು ಒಂದು ಅಕ್ಷರ ಇಲ್ಲದೆ ಖಾಲಿ ಉಂಟು. ಪುಸ್ತಕ ದಿನಾ ನನ್ನ ಬ್ಯಾಗಿನಲ್ಲೇ ಇರ್ತದೆ, ಬೆಳಿಗ್ಗೆಯ ಟ್ರೈನಿನಲ್ಲಿ, ಇಂಜಿನಿನಿಂದ ಮೂರನೇ ಬೋಗಿ. ಪೆನ್ನೂ ನಾನೇ ತರ್ತೇನೆ.

ಇಂತಿ,
ಒಬ್ಬಳು ಸೀಸನ್ ಟಿಕೆಟಿನವಳು